ತಟ್ಟದ ಬೆರಳು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವವನಿಗೆ ಅಂಗಡಿಯ ಮಾಲೀಕ ಇಟ್ಟ ಹೆಸರು ಬೀಗಪ್ಪ. ಹೊಸ ಗಿರಾಕಿಗಳು ಆ ಹೆಸರು ಕೇಳಿ, "ಯಾರ್ರೀ ಅವರು, ನಿಮ್ಮ ಬೀಗರಾ?" ಎನ್ನುತ್ತಿದ್ದರು.

"ಅಯ್ಯೋ, ಆ ಬೀಗರಲ್ಲ ಸ್ವಾಮಿ. ಬಾಗಿಲಿಗೆ ಹಾಕ್ತೀವಲ್ಲ, ಆ ಬೀಗ. ಕೀಲಿಕೈ ಯಾವ ಕಾಲದಲ್ಲೋ ಕಳೆದುಹೋಗಿದೆ," ಎಂದು ಮಾಲೀಕ ನಗುತ್ತಿದ್ದ.

ದಿನಕ್ಕೆ ಎರಡು ಸಲವಾದರೂ ಈ ಮಾತು ಅಂಗಡಿಯಲ್ಲಿ ಕೇಳಿಸುತ್ತಿತ್ತು. ಬೀಗಪ್ಪ ತಲೆ ಎತ್ತುತ್ತಿರಲಿಲ್ಲ. ಯಂತ್ರದ ಕಲ್ಲು ಗುಂಯ್ ಎಂದು ತಿರುಗುತ್ತಿತ್ತು, ಅದರ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅವನು ಗಾಜಿನ ಅಂಚನ್ನು ಕಲ್ಲಿಗೆ ಒಂದಿಷ್ಟೇ ತಾಕಿಸಿ, ತೆಗೆದು, ಫ್ರೇಮಿಗೆ ಹಿಡಿದು ನೋಡಿ, ಮತ್ತೆ ಒಂದಿಷ್ಟು ತಾಕಿಸುತ್ತಿದ್ದ. ಹದಿಮೂರು ವರ್ಷಗಳಲ್ಲಿ ಅವನ ಕೈಯಲ್ಲಿ ಒಂದು ಗಾಜೂ ಕೆಟ್ಟಿರಲಿಲ್ಲ.

ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಅವನು ವಾಯುಪಡೆಯಲ್ಲಿದ್ದ. ಅಲ್ಲಿ ಏನು ಮಾಡುತ್ತಿದ್ದ ಎಂಬುದು ಅವನ ಹೆಂಡತಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯವರು ಕೇಳಿದರೆ ಅವಳು, "ವಿಮಾನದ ಕೆಲಸ," ಎನ್ನುತ್ತಿದ್ದಳು. ಅವರು ಅಷ್ಟಕ್ಕೆ ಬಿಡದೆ, "ವಿಮಾನದಲ್ಲಿ ಏನು ಕೆಲಸ?" ಎಂದರೆ, "ಕಸ ಗುಡಿಸ್ತಿದ್ರೋ, ವಿಮಾನಾನೇ ಓಡಿಸ್ತಿದ್ರೋ, ದೇವರಾಣೆ ನಂಗೂ ಗೊತ್ತಿಲ್ಲ. ಮನೆಗೆ ಬರೋವಾಗ ಬಟ್ಟೆಗೆ ಒಂದು ಚುಕ್ಕಿ ಕೊಳೆ ಇರ್ತಿರಲಿಲ್ಲ, ಅದಷ್ಟೇ ನಾ ಕಂಡಿದ್ದು," ಎಂದು ಮಾತು ಮುಗಿಸುತ್ತಿದ್ದಳು.

ಕೊಳೆ ಇಲ್ಲದಿರಲು ಕಾರಣವಿತ್ತು. ಅವನ ಕೆಲಸ ವಿಮಾನದ ಕಣ್ಣು ನೋಡಿಕೊಳ್ಳುವುದು. ಕೆಲವು ಯುದ್ಧವಿಮಾನಗಳ ಮೂಗಿನ ಮೇಲೆ, ಪೈಲಟ್ ಕೂರುವ ಜಾಗಕ್ಕೆ ಮುಂದೆ, ಫುಟ್‌ಬಾಲಿಗಿಂತ ಚಿಕ್ಕದಾದ ಒಂದು ಗೋಳವಿರುತ್ತದೆ. ಅದು ಬೆಳಕನ್ನು ನೋಡುವುದಿಲ್ಲ, ಶಾಖವನ್ನು ನೋಡುತ್ತದೆ. ಕತ್ತಲಲ್ಲೂ ಎದುರಾಳಿಯ ಎಂಜಿನ್ನಿನ ಬಿಸಿಯನ್ನು ದೂರದಿಂದಲೇ ಗುರುತಿಸುತ್ತದೆ. ಕಾಗದಪತ್ರಗಳಲ್ಲಿ ಅದು ಇನ್‌ಫ್ರಾರೆಡ್ ಸೆನ್ಸರ್. ಅದನ್ನು ಬಿಚ್ಚಿ ಜೋಡಿಸುವವರ ಬಾಯಲ್ಲಿ ಬರೀ ಕಣ್ಣು. ಅದರ ಮುಂದಿನ ಗಾಜಿನ ಮೇಲೆ ಬೆರಳಿನ ಒಂದು ಗುರುತು ಬಿದ್ದರೂ ಚಿತ್ರ ಕೆಡುತ್ತದೆ. ಹಾಗಾಗಿ ಅಲ್ಲಿ ಕೆಲಸ ಮಾಡುವವರದು ತೊಳೆದ ಕೈ, ತೊಳೆದ ಬಟ್ಟೆ, ಹಿಡಿದ ಉಸಿರು.

ಆ ಕಣ್ಣಿಗೆ ಒಂದು ಕಾಯಿಲೆ ಇತ್ತು. ವಿಮಾನ ಎತ್ತರದ ಚಳಿಯಲ್ಲಿ ಬಹಳ ಹೊತ್ತು ಹಾರಿ, ಆಮೇಲೆ ಸಮುದ್ರದ ಮೇಲಿನ ಬೆಚ್ಚಗಿನ ತೇವದ ಗಾಳಿಗೆ ಒಮ್ಮೆಲೇ ಇಳಿದರೆ ಗಾಜಿನ ಮೇಲೆ ಮಂಜು ಕೂರುತ್ತಿತ್ತು. ಮಂಜು ಆರುವವರೆಗೆ ಕಣ್ಣು ಕುರುಡು. ಪೈಲಟ್‌ಗಳು ಬಂದು ಬೈಯುತ್ತಿದ್ದರು. ಮೇಲಿನವರು ನಂಬುತ್ತಿರಲಿಲ್ಲ, ಏಕೆಂದರೆ ವಿಮಾನ ನೆಲ ಮುಟ್ಟುವಷ್ಟರಲ್ಲಿ ಗಾಜು ಒಣಗಿ ಪಳಪಳ ಎನ್ನುತ್ತಿತ್ತು. ಬೀಗಪ್ಪ ನಲವತ್ತೊಂದು ಇಳಿತಗಳ ಲೆಕ್ಕ ಇಟ್ಟ. ಎಷ್ಟು ಎತ್ತರ, ಎಷ್ಟು ಹೊತ್ತು, ಕೆಳಗಿನ ಗಾಳಿಯಲ್ಲಿ ಎಷ್ಟು ತೇವ, ಕಣ್ಣು ಎಷ್ಟು ನಿಮಿಷ ಕುರುಡು. ಒಂಬತ್ತು ಪುಟ, ಕೈಬರಹ, ಕೆಂಪು ಶಾಯಿಯಲ್ಲಿ ಗೆರೆ ಎಳೆದ ಕೋಷ್ಟಕ. ಅಧಿಕಾರಿ ಓದಿ, ಎದ್ದು ನಿಂತು ಕೈ ಕುಲುಕಿದ. ಆಮೇಲೆ ಮೊದಲ ಪುಟದ ಮೇಲೆ ಗುಟ್ಟಿನ ಮುದ್ರೆ ಒತ್ತಿ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ. ಬೀಗಪ್ಪ ಜೀವಮಾನದಲ್ಲಿ ಬರೆದದ್ದು ಅದೊಂದೇ. ಓದಿದವರು ಒಟ್ಟು ಮೂರು ಜನ.

ಕೆಲಸ ಬಿಟ್ಟ ಮೇಲೂ ಪ್ರತಿ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಕಂದು ಲಕೋಟೆ ಬರುತ್ತಿತ್ತು. ಒಳಗೆ ಒಂದು ಹಾಳೆ. 'ನನ್ನ ಕೆಲಸಕ್ಕೆ ಸಂಬಂಧಿಸಿದ ಯಾವ ವಿಷಯವನ್ನೂ ಮಾತಿನಿಂದಾಗಲಿ, ಬರಹದಿಂದಾಗಲಿ, ಸನ್ನೆಯಿಂದಾಗಲಿ ಯಾರಿಗೂ ತಿಳಿಸಿರುವುದಿಲ್ಲ.' ಕೆಳಗೆ ಸಹಿ. ಅವನು ಪ್ರತಿ ಸಲವೂ ಪೂರ್ತಿ ಓದಿ, ಕಳೆದ ಹನ್ನೆರಡು ತಿಂಗಳನ್ನು ನೆನಪಿಸಿಕೊಂಡು, ಆಮೇಲೆ ಸಹಿ ಮಾಡುತ್ತಿದ್ದ. ಅವನ ಜೊತೆಯವನೊಬ್ಬ ರೈಲಿನಲ್ಲಿ ಎದುರು ಕೂತವನ ಮುಂದೆ ಜಂಬ ಕೊಚ್ಚಿಕೊಂಡು ಮೂರು ವರ್ಷ ಜೈಲಿನಲ್ಲಿ ಕೂತು ಬಂದಿದ್ದ. ಆದರೆ ಬೀಗಪ್ಪ ಹೆದರಿದ್ದು ಜೈಲಿಗಲ್ಲ. ಆ ಕಣ್ಣು ಇನ್ನೂ ಹಾರುತ್ತಿತ್ತು. ಅದರ ಹಿಂದೆ ಈಗ ಕೂತಿರುವವರು ತನ್ನ ಮಗಳ ವಯಸ್ಸಿನವರು. ಇಳಿದ ಕೂಡಲೇ ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ಎದುರಾಳಿಗೆ ಖಚಿತವಾದರೆ ಅವನು ಮೋಡದ ಕೆಳಗೇ ಕಾದು ಕೂರುತ್ತಾನೆ.

ಮಗಳು ಒಬ್ಬಳೇ. ಅವಳು ಶಾಲೆಗೆ ಹೋಗುವಾಗ ಅಪ್ಪ ಮಗಳಿಗೆ ಒಂದು ರೂಢಿ ಬಿದ್ದಿತ್ತು. ಊಟದ ಮೇಜಿನ ಮೇಲೆ ಲೆಕ್ಕದ ಪುಸ್ತಕ ಬಿಡಿಸಿ ಅವಳು ಒಂದೊಂದೇ ಉತ್ತರ ಓದುವಳು. ಸರಿಯಿದ್ದರೆ ಅಪ್ಪ ತೋರುಬೆರಳಿನಿಂದ ಮೇಜನ್ನು ಒಮ್ಮೆ ಟಕ್ ಎಂದು ತಟ್ಟುವನು. ತಪ್ಪಿದ್ದರೆ ತಟ್ಟುತ್ತಿರಲಿಲ್ಲ, ಅಷ್ಟೆ. ಆಗ ಅವಳು ರಬ್ಬರು ತೆಗೆದುಕೊಂಡು ಅಳಿಸುವಳು. ಬೈಗುಳವಿಲ್ಲ, ಹೊಗಳಿಕೆಯಿಲ್ಲ. "ಅಪ್ಪನ ಬಾಯಿ ಕೆಟ್ಟಿದೆ, ಬೆರಳು ಚೆನ್ನಾಗಿದೆ," ಎಂದು ಅವಳು ಅಮ್ಮನಿಗೆ ಹೇಳಿ ನಗುತ್ತಿದ್ದಳು.

ದೊಡ್ಡವಳಾದ ಮೇಲೆ ಅವಳು ಗೇಮ್ ತಯಾರಿಸುವ ಕಂಪನಿ ಸೇರಿದಳು. ಸೈಕಲ್ ಅಂಗಡಿಯ ಮೇಲಿನ ಮಹಡಿ, ಎಂಟು ಜನ, ಹತ್ತು ಕಂಪ್ಯೂಟರು, ಒಂದೇ ಕಿಟಕಿ. ಅಲ್ಲಿ ತಯಾರಾಗುತ್ತಿದ್ದದ್ದು ಯುದ್ಧವಿಮಾನ ಹಾರಿಸುವ ಗೇಮ್. ಅವಳ ಪಾಲಿಗೆ ಬಂದ ಕೆಲಸ ಕೇಳಿ ಬೀಗಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಿಮಾನದ ಇನ್‌ಫ್ರಾರೆಡ್ ಸೆನ್ಸರಿನಲ್ಲಿ ಏನು ಕಾಣುತ್ತದೋ ಅದನ್ನು ಪರದೆಯ ಮೇಲೆ ಮೂಡಿಸುವುದು.

ಅಪ್ಪನ ಹಳೆಯ ಕೆಲಸ ಇಂಥದ್ದೇ ಏನೋ ಎಂದು ಅವಳು ಊಹಿಸಿದ್ದಳು. ಶಾಖ, ಸೆನ್ಸರ್ ಎಂಬ ಮಾತು ಬಂದಾಗಲೆಲ್ಲ ಅಪ್ಪ ಎದ್ದು ಗಿಡಕ್ಕೆ ನೀರು ಹಾಕಲು ಹೋಗುತ್ತಿದ್ದ. ದಿನಕ್ಕೆ ಮೂರು ಮೂರು ಸಲ ನೀರು ಕುಡಿದು ಒಂದು ಗಿಡ ಕೊಳೆತಾಗ ಅವಳ ಊಹೆ ಗಟ್ಟಿಯಾಯಿತು. ಆದರೂ ಅವಳು ಕೇಳಲಿಲ್ಲ. ಲೈಬ್ರರಿಯಿಂದ ಪುಸ್ತಕ ತಂದು ಓದಿದಳು. ಹಳೆಯ ಗೇಮುಗಳಲ್ಲಿ ಆ ಕಣ್ಣು ಮೋಡ, ಹೊಗೆ, ಗೋಡೆ ಎಲ್ಲವನ್ನೂ ತೂರಿ ನೋಡುತ್ತಿತ್ತು. ಅವಳು ಅದನ್ನೆಲ್ಲ ಸರಿಪಡಿಸಿದಳು. ದಟ್ಟ ಮೋಡದ ಹಿಂದೆ ಏನೂ ಕಾಣದು. ಬೆಳಿಗ್ಗೆ ಸಂಜೆ ಸ್ವಲ್ಪ ಹೊತ್ತು ನಿಂತ ಟ್ಯಾಂಕೂ ನೆಲವೂ ಒಂದೇ ಬಿಸಿಗೆ ಬರುತ್ತವೆ, ಆಗ ಟ್ಯಾಂಕು ನೆಲದಲ್ಲಿ ಕರಗಿಹೋಗುತ್ತದೆ. ಇವೆಲ್ಲ ಪುಸ್ತಕದಲ್ಲಿದ್ದದ್ದರಿಂದ ಆಟಗಾರರು ಒಪ್ಪಿಕೊಂಡರು. ಅವರು ವಿಮಾನದ ರೆಕ್ಕೆಯ ಮೊಳೆಗಳನ್ನೂ ಎಣಿಸಿ, ಒಂದು ಕಡಿಮೆಯಿದ್ದರೆ ಪುಟಗಟ್ಟಲೆ ದೂರು ಬರೆಯುವ ಜನ.

ಒಂದು ಮಧ್ಯಾಹ್ನ ಅವಳು ಅಪ್ಪನನ್ನು ಕರೆದೊಯ್ಯಲು ಕನ್ನಡಕದ ಅಂಗಡಿಗೆ ಬಂದಳು. ಒಳಗೆ ಎಸಿಯ ತಂಪು, ಹೊರಗೆ ಬೆವರಿಳಿಸುವ ಸೆಕೆ. ಹೊಸ ಕನ್ನಡಕ ಹಾಕಿಕೊಂಡು ಹೊರಟ ಗಿರಾಕಿ ಬಾಗಿಲು ದಾಟಿದನೋ ಇಲ್ಲವೋ, ಎರಡೂ ಗಾಜು ಬೆಳ್ಳಗಾಗಿ, ನಿಂತಿದ್ದ ಸ್ಕೂಟರಿಗೆ ಮೊಣಕಾಲು ಬಡಿಸಿಕೊಂಡ.

"ಕಣ್ಣು ಕಾಣ್ಲಿ ಅಂತ ಬಂದ್ರೆ ಇದ್ದಿದ್ದೂ ಹೋಯ್ತಲ್ರೀ!" ಎಂದು ಅವನು ಬಾಗಿಲಲ್ಲೇ ಕೂಗಿದ.

"ಒಂದು ನಿಮಿಷ ತಡೀರಿ ಸ್ವಾಮಿ, ಕನ್ನಡಕಕ್ಕೆ ನಿಮ್ಮನ್ನ ಕಂಡ್ರೆ ಇನ್ನೂ ನಾಚಿಕೆ," ಎಂದ ಮಾಲೀಕ.

ಮಗಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳು ಹಿಂದಿನ ಕೋಣೆಗೆ ಬಂದು ಯಂತ್ರದ ಪಕ್ಕ ನಿಂತಳು.

"ಅಪ್ಪಾ, ಮೇಲೆ ಹಾರೋವಾಗ ವಿಮಾನ ತಣ್ಣಗಾಗಿರುತ್ತೆ ಅಲ್ವಾ? ಸಮುದ್ರದ ಮೇಲೆ ಗಾಳಿ ಬೆಚ್ಚಗೆ, ಹಸಿ. ಸರ್ರಂತ ಕೆಳಗೆ ಇಳಿದ್ರೆ ಆ ಸೆನ್ಸರ್ ಗಾಜಿಗೂ ಹಿಂಗೇ ಆಗ್ಬೇಕಲ್ವಾ?"

ಬೀಗಪ್ಪನ ಕೈಯಲ್ಲಿದ್ದ ಗಾಜು ಕಲ್ಲಿಗೆ ವಾಲಿತು. ಕರ್ ಎಂದು ಸದ್ದಾಗಿ ಅಂಚು ಸೀಳಿತು. ಅವನು ಯಂತ್ರ ನಿಲ್ಲಿಸಿ ಸೀಳಿದ ಗಾಜನ್ನೇ ನೋಡುತ್ತಾ ಕೂತ. ತಾನು ನಲವತ್ತೊಂದು ಇಳಿತ, ಎರಡು ವರ್ಷ ತೆಗೆದುಕೊಂಡು ಕಂಡದ್ದನ್ನು ಇವಳು ಸ್ಕೂಟರಿಗೆ ಬಡಿದುಕೊಂಡವನನ್ನು ನೋಡಿ ಕಂಡಿದ್ದಳು.

"ಬಸ್ಸಿಗೆ ಹೊತ್ತಾಯ್ತು," ಎಂದ ಅವನು.

ಅವಳು ಮಂಜನ್ನು ಗೇಮಿಗೆ ಸೇರಿಸಿದಳು. ಮೂರು ವಾರ ಹಿಡಿಯಿತು. ಪರೀಕ್ಷೆಗೆಂದು ಕೆಲವು ಆಟಗಾರರಿಗೆ ಕೊಟ್ಟಾಗ ಗಲಾಟೆ ಎದ್ದಿತು. ಎತ್ತರದಿಂದ ಧುಮುಕಿ ಬಂದು ಗುರಿಯಿಡುವ ಹೊತ್ತಿಗೆ ಪರದೆ ಬೆಳ್ಳಗಾದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? 'ಇದು ಯುದ್ಧವಿಮಾನವೋ ಬಚ್ಚಲುಮನೆ ಕನ್ನಡಿಯೋ?' ಎಂದು ಒಬ್ಬ ಬರೆದ. 'ಮುಂದಿನ ಸಲ ವೈಪರ್ ಹಾಕಿಕೊಡಿ ಅಕ್ಕ,' ಎಂದು ಇನ್ನೊಬ್ಬ. 'ಯಾವ ಪುಸ್ತಕದಲ್ಲಿದೆ, ಪುಟ ಎಷ್ಟು?' ಎಂದು ಉಳಿದವರೆಲ್ಲ. ಪುಸ್ತಕದಲ್ಲಿ ಇರಲಿಲ್ಲ. ಇದ್ದದ್ದು ಒಂದೇ ಕಡೆ, ಕಬ್ಬಿಣದ ಬೀರುವಿನಲ್ಲಿ.

ಅವಳ ಕಂಪನಿಯ ಯಜಮಾನ ಕೆಟ್ಟವನಲ್ಲ. "ನಂಗೂ ಇಷ್ಟ ಆಗಿದೆ ಕಣಮ್ಮ. ಆದ್ರೆ ಶುಕ್ರವಾರ ಮಧ್ಯಾಹ್ನ ಗೇಮ್ ಮಾರಾಟಕ್ಕೆ ಹೊರಗೆ ಹೋಗುತ್ತೆ. ಅಷ್ಟರೊಳಗೆ ಪುರಾವೆ ತಾ. ಇಲ್ಲಾ, ಪುರಾವೆ ಇಲ್ಲದಿದ್ರೂ ಇದು ನಿಜಾನೇ ಅಂತ ಎದೆ ತಟ್ಟಿ ಹೇಳು, ನಾನು ನಿನ್ನ ಹಿಂದೆ ನಿಲ್ತೀನಿ. ಎರಡೂ ಆಗಲ್ಲಾಂದ್ರೆ ತೆಗೆದುಬಿಡು," ಎಂದ.

ಗುರುವಾರ ಸಂಜೆ ಅವಳು ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲೆ, ಹಿಂದೆ ಲೆಕ್ಕದ ಪುಸ್ತಕ ಇಡುತ್ತಿದ್ದ ಜಾಗದಲ್ಲೇ ಇಟ್ಟಳು. ಬೀಗಪ್ಪ ಎದ್ದ.

"ಗಿಡಕ್ಕೆ ಆಗ್ಲೇ ನೀರು ಹಾಕಿದ್ದೀಯ. ಕೂತ್ಕೋ ಅಪ್ಪ," ಎಂದಳು ಮಗಳು. "ನೀನು ಏನೂ ಹೇಳ್ಬೇಡ. ನಾನು ಏನೂ ಕೇಳಲ್ಲ. ಸುಮ್ನೆ ನೋಡು, ಸಾಕು."

ಅವನು ಕೂತ. ಪರದೆಯ ಮೇಲೆ ವಿಮಾನ ಎತ್ತರದಲ್ಲಿ ಹಾರುತ್ತಿತ್ತು. ಅವಳು ಅದನ್ನು ಮೋಡದೊಳಗೆ ಇಳಿಸಿದಳು, ಮೋಡದಿಂದ ಸಮುದ್ರದ ಮೇಲಕ್ಕೆ ತಂದಳು. ಸೆನ್ಸರಿನ ಚಿತ್ರದಲ್ಲಿ ಒಂದು ಹಡಗು ಬೂದುಬಣ್ಣದಲ್ಲಿ ಕಂಡಿತು. ಆಮೇಲೆ ಚಿತ್ರದ ಅಂಚುಗಳಿಂದಲ್ಲ, ನಟ್ಟನಡುವಿನಿಂದ ಮಬ್ಬು ಶುರುವಾಗಿ ಹೊರಗೆ ಹರಡಿತು.

ನಟ್ಟನಡುವಿನಿಂದ! ಅದು ಅವನ ಒಂಬತ್ತು ಪುಟಗಳಲ್ಲಿ ಆರನೆಯ ಪುಟ. ಗೋಳದ ಮುಂದಣ ಭಾಗ ಎಲ್ಲಕ್ಕಿಂತ ತಣ್ಣಗಿರುತ್ತಿತ್ತು, ಮಂಜು ಮೊದಲು ಅಲ್ಲೇ ಕೂರುತ್ತಿತ್ತು. ಇದನ್ನೂ ಇವಳು ಯೋಚಿಸಿ ಯೋಚಿಸಿಯೇ ಕಂಡುಕೊಂಡಿದ್ದಳು. ಅವನ ಬಲಗೈ ಮೇಜಿನ ಮೇಲಿತ್ತು. ತೋರುಬೆರಳು ತಾನಾಗಿಯೇ ಒಂದು ಅಕ್ಕಿಕಾಳಿನಷ್ಟು ಮೇಲೆದ್ದಿತು.

'ಸನ್ನೆಯಿಂದಾಗಲಿ.'

ಅವನು ಕೈ ಎಳೆದುಕೊಂಡು ತೊಡೆಯ ಕೆಳಗಿಟ್ಟು, ಅದರ ಮೇಲೆ ಮೈಭಾರ ಬಿಟ್ಟು ಕೂತ.

ಮಗಳು ಪರದೆಯನ್ನು ನೋಡುತ್ತಿರಲಿಲ್ಲ. ಮೇಜನ್ನು ನೋಡುತ್ತಿದ್ದಳು. ಕೈ ಇದ್ದ ಜಾಗದಲ್ಲಿ ಈಗ ಏನೂ ಇರಲಿಲ್ಲ. ಅಡಿಗೆಮನೆಯಲ್ಲಿ ನಲ್ಲಿ ನಿಂತಿತು. ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು.

"ಇನ್ನೊಂದ್ಸಲ ತೋರಿಸ್ಲಾ?" ಎಂದಳು ಮಗಳು. ಉತ್ತರಕ್ಕೆ ಕಾಯದೆ ಮತ್ತೆ ವಿಮಾನ ಇಳಿಸಿದಳು. ಮತ್ತೆ ನಡುವಿನಿಂದ ಮಬ್ಬು ಹರಡಿತು. ಬೀಗಪ್ಪನ ಬೆರಳುಗಳು ಜೋಮು ಹಿಡಿದವು. ಅವನು ಅಲ್ಲಾಡಲಿಲ್ಲ.

"ಸರಿ," ಎಂದಳು ಅವಳು. ಧ್ವನಿ ತೀರಾ ಮೆತ್ತಗಿತ್ತು, ಲೆಕ್ಕ ತಪ್ಪಿದಾಗ ರಬ್ಬರಿಗೆ ಕೈ ಹಾಕುವಾಗ ಹೇಳುತ್ತಿದ್ದ ಹಾಗೆಯೇ. "ನಂಗೂ ಒಳಗೊಳಗೇ ಅನ್ನಿಸ್ತಿತ್ತು. ಬರೀ ಕನ್ನಡಕ ನೋಡಿ ವಿಮಾನದ ಬಗ್ಗೆ ಹೇಳೋಕಾಗುತ್ತಾ!"

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಹೆಂಡತಿಗೆ ಪೂರ್ತಿ ಅರ್ಥವಾಗಿರಲಿಲ್ಲ, ಆದರೆ ಏನೋ ಮುರಿಯಿತೆಂದು ಗೊತ್ತಾಗಿತ್ತು. "ಏನ್ರೀ, ಮಗು ಅಷ್ಟು ಕಷ್ಟಪಟ್ಟು ಮಾಡ್ಕೊಂಡು ಬಂದಿದೆ. ಚೆನ್ನಾಗಿದೆ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೇಳೋಕಾಗಲ್ಲ ಕಣೇ."

"ಚೆನ್ನಾಗಿಲ್ಲ ಅಂತನಾದ್ರೂ ಹೇಳ್ಬೇಕಿತ್ತು!"

"ಅದೂ ಆಗಲ್ಲ."

"ಮತ್ತೆ ಏನ್ರೀ ಆಗುತ್ತೆ ನಿಮ್ಮ ಕೈಲಿ?"

ಬೀಗಪ್ಪ ಎದ್ದು ಮಗಳ ಕೋಣೆಯ ಬಾಗಿಲವರೆಗೆ ಹೋದ. ಬಾಗಿಲು ಅರ್ಧ ತೆರೆದಿತ್ತು. ಅವಳು ಬೆನ್ನು ಮಾಡಿ ಕೂತಿದ್ದಳು. 'ನನ್ನ ಬೆರಳು ನೋಡಿ ತೀರ್ಮಾನ ಮಾಡಬೇಡ' ಎಂಬ ಒಂದು ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಹೇಳಿದರೆ ಸಾಕಿತ್ತು. ಆದರೆ ಅಷ್ಟು ಹೇಳಿದರೆ ಎಲ್ಲವನ್ನೂ ಹೇಳಿದಂತೆಯೇ. ತಪ್ಪು ಲೆಕ್ಕದ ಮುಂದೆ ಯಾವ ಅಪ್ಪನೂ ಹಾಗೆ ಹೇಳುವುದಿಲ್ಲ. ಅವಳು ಜಾಣೆ, ಆ ಕ್ಷಣವೇ ತಿರುಗಿ ಅವನ ಮುಖ ಓದಿಬಿಡುತ್ತಾಳೆ. ನಾಳೆ ಯಜಮಾನನ ಮುಂದೆ ಎದೆ ತಟ್ಟುತ್ತಾಳೆ. 'ನಿಂಗೆ ಹೇಗೆ ಗೊತ್ತು?' ಎಂದು ಯಾರಾದರೂ ಕೇಳುತ್ತಾರೆ. ಇಷ್ಟು ದಿನ ಒಂದು ಹುಡುಗಿಯ ಊಹೆಯಾಗಿದ್ದದ್ದು, ವಾಯುಪಡೆಯಲ್ಲಿ ಕಣ್ಣು ಒರೆಸಿದವನ ಮಗಳ ಮಾತಾಗುತ್ತದೆ. ಊಹೆಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆ ಮಾತನ್ನು ಎಲ್ಲಿಯೋ ಒಬ್ಬ ಬರೆದಿಟ್ಟುಕೊಳ್ಳುತ್ತಾನೆ.

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದ.

"ಏನಪ್ಪಾ?" ಎಂದಳು ಅವಳು, ತಿರುಗದೆ.

"ಊಟ."

"ಬರ್ತೀನಿ. ಇದೊಂದು ತೆಗೆದು ಬರ್ತೀನಿ."

ಮೂರು ವಾರದ ಕೆಲಸ ತೆಗೆಯಲು ಹನ್ನೊಂದು ನಿಮಿಷ ಸಾಕಾಯಿತು. ಅವನು ಗಡಿಯಾರ ನೋಡುತ್ತಾ ಕೂತಿದ್ದ. ಅವಳು ಬಂದು ತಟ್ಟೆಯ ಮುಂದೆ ಕೂತಾಗ ಅವನಿಗೆ ನಾಚಿಕೆಯಾದದ್ದು ಒಂದೇ ಕಾರಣಕ್ಕೆ. ಎದೆಯ ಯಾವುದೋ ಮೂಲೆಯಲ್ಲಿ ನೆಮ್ಮದಿಯೂ ಆಗಿತ್ತು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಮಗಳ ಮುಖ ಬಾಡಿದ್ದಕ್ಕೆ ತನಗೆ ನೆಮ್ಮದಿಯೇ ಎಂದು ಅನ್ನ ಬಾಯಿಗೆ ಹೋಗಲಿಲ್ಲ.

ಶುಕ್ರವಾರ ಗೇಮ್ ಹೊರಗೆ ಹೋಯಿತು. ಆಟಗಾರರು ಕುಣಿದರು. 'ಕೊನೆಗೂ ಅಕ್ಕನಿಗೆ ಬುದ್ಧಿ ಬಂತು,' ಎಂದು ಬರೆದರು. 'ಸೆನ್ಸರ್ ಈಗ ನಿಜವಾದದ್ದರ ಹಾಗೇ ಇದೆ,' ಎಂದು ಹೊಗಳಿದರು. ಯಜಮಾನ ಮುಂದಿನ ಗೇಮಿಗೆ ಸೆನ್ಸರಿನ ಕೆಲಸವನ್ನು ಬೇರೆಯವರಿಗೆ ಕೊಡುವೆನೆಂದಾಗ ಮಗಳು ಜಗಳವಾಡಲಿಲ್ಲ. ತಾನೇ ಕೇಳಿ ಮರ, ಕಲ್ಲು, ರಸ್ತೆ ಬಿಡಿಸುವ ಕೆಲಸಕ್ಕೆ ಹೋದಳು. "ಮರದ ಬಗ್ಗೆ ಯಾರೂ ಪುಟ ಎಷ್ಟು ಅಂತ ಕೇಳಲ್ಲ," ಎಂದು ಅಮ್ಮನಿಗೆ ಹೇಳಿದಳು. ಬೀಗಪ್ಪ ಅದನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡ.

ಅಂಗಡಿಯಲ್ಲಿ ಅವನ ಕೈ ಮೊದಲಿನಂತಿರಲಿಲ್ಲ. ಆ ತಿಂಗಳು ಇನ್ನೂ ಎರಡು ಗಾಜು ಸೀಳಿದವು. "ಏನ್ ಬೀಗಪ್ಪ, ತುಕ್ಕು ಹಿಡೀತಾ?" ಎಂದ ಮಾಲೀಕ. ಅವನ ಮುಖ ನೋಡಿದ ಮೇಲೆ ಆ ದಿನ ಮತ್ತೆ ತಮಾಷೆ ಮಾಡಲಿಲ್ಲ.

ಬೇಸಿಗೆ ಶುರುವಾಯಿತು. ಕಂದು ಲಕೋಟೆ ಬಂತು. ಒಂದು ಭಾನುವಾರ ಬೆಳಿಗ್ಗೆ ಅವನು ಊಟದ ಮೇಜಿನ ಮುಂದೆ ಹಾಳೆ ಬಿಡಿಸಿ ಓದುತ್ತಿದ್ದಾಗ ಮಗಳು ಟೀ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಅಂಗಡಿಗಳಲ್ಲಿ ಮಾರಾಟಕ್ಕೆ ಬಂದಿದ್ದ ಗೇಮನ್ನು ಅವಳು ಮನೆಯಲ್ಲಿ ಒಮ್ಮೆಯೂ ತೆರೆದಿರಲಿಲ್ಲ. ಈಗ ತೆರೆದಳು.

"ಮುಗಿದುಹೋದದ್ದು. ಸುಮ್ನೆ ನೋಡು," ಎಂದಳು.

ವಿಮಾನ ಮೋಡ ದಾಟಿ ಸಮುದ್ರದ ಮೇಲೆ ಇಳಿಯಿತು. ಹಡಗು ಕಂಡಿತು. ಚಿತ್ರ ಕನ್ನಡಿಯ ಹಾಗೆ ನಿಚ್ಚಳವಾಗಿತ್ತು, ನಿಚ್ಚಳವಾಗಿಯೇ ಉಳಿಯಿತು. ಅವನ ಕೈ ಹಾಳೆಯ ಪಕ್ಕದಲ್ಲಿ ಮೇಜಿನ ಮೇಲಿತ್ತು. ಬೆರಳು ಅಲ್ಲಾಡಲಿಲ್ಲ.

ಮಗಳು ಬಹಳ ಹೊತ್ತು ಆ ಬೆರಳನ್ನು ನೋಡಿದಳು.

"ಇದಕ್ಕೂ ಇಲ್ವಾ?"

ಅವನು ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಹಾಗಾದ್ರೆ ಆವತ್ತು..." ಎಂದು ಶುರು ಮಾಡಿ ಅವಳು ನಿಲ್ಲಿಸಿದಳು. ಟೀ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. ಆಮೇಲೆ ಶಾಲೆಯ ಹುಡುಗಿಯ ಧ್ವನಿಯಲ್ಲಿ, "ಏಳೆಂಟ್ಲ ಐವತ್ತಾರು," ಎಂದಳು.

ಟಕ್.

"ಒಂಬತ್ತೇಳ್ಲ ಅರವತ್ತಮೂರು."

ಟಕ್.

"ಮಂಜು ಇದ್ದಿದ್ದು."

ಬೆರಳು ನಿಂತಿತು.

"ಮಂಜು ಇಲ್ಲದೇ ಇರೋದು."

ಬೆರಳು ನಿಂತೇ ಇತ್ತು. ಅದರ ತುದಿ ಬೆಳ್ಳಗಾಗುವಷ್ಟು ಬಲವಾಗಿ ಮೇಜಿಗೆ ಒತ್ತಿಕೊಂಡಿತ್ತು.

ಮಗಳು ಅಪ್ಪನ ಮುಂದಿದ್ದ ಹಾಳೆಯ ಕಡೆ ನೋಡಿದಳು. ಕೂತಲ್ಲಿಂದಲೇ ಓದಿದಳು. ಮಾತಿನಿಂದಾಗಲಿ, ಬರಹದಿಂದಾಗಲಿ. ಮೂರನೆಯ ಪದದ ಹತ್ತಿರ ಅವಳ ಕಣ್ಣು ನಿಂತದ್ದನ್ನು ಅವನು ಕಂಡ. ಆವತ್ತು ಅಪ್ಪ ತಪ್ಪು ಎಂದಿರಲಿಲ್ಲ ಎಂಬುದು ಅವಳಿಗೆ ಈಗ ಗೊತ್ತಾಗಿತ್ತು. ತನ್ನ ಮಂಜು ಸರಿಯಿತ್ತೇ ಎಂಬುದು ಗೊತ್ತಾಗಿರಲಿಲ್ಲ, ಎಂದಿಗೂ ಗೊತ್ತಾಗುವಂತಿರಲಿಲ್ಲ. ಅಳಿಸಿದ್ದು ಮಾತ್ರ ಅಳಿಸಿಹೋಗಿತ್ತು.

"ನಾನೇ ಅಳಿಸಿದ್ದು ಬಿಡಪ್ಪ," ಎಂದಳು ಅವಳು. ಎದ್ದು, ಅಮ್ಮನ ಸಾಮಾನಿನ ಡಬ್ಬದಿಂದ ಪೆನ್ನು ಹುಡುಕಿ ತಂದು, ಹಾಳೆಯ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಬೀಗಪ್ಪ ಹಾಳೆಯನ್ನು ಮೊದಲಿನಿಂದ ಪೂರ್ತಿ ಓದಿದ. ಕಳೆದ ಹನ್ನೆರಡು ತಿಂಗಳನ್ನು ನೆನಪಿಸಿಕೊಂಡ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಸಹಿ ಮಾಡಿದ.